ಅಮೆರಿಕದ ಪಾಸ್‌ಪೋರ್ಟ್, ಮೈಸೂರಿನ ಮನೆ: 401ಕೆ, ಮ್ಯೂಚುವಲ್ ಫಂಡ್, ಎರಡು ಕಡೆ ತೆರಿಗೆ. ಯಾರಾದರೂ ದಾರಿ ಹೇಳಿ

ಕುವೆಂಪುನಗರದವ · ಜನವರಿ 11, 2026

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನಗೆ 54 ವರ್ಷ. 22 ವರ್ಷ ಅಮೆರಿಕದಲ್ಲಿದ್ದೆ, ಮೊದಲು ಒಹಾಯೋ, ಆಮೇಲೆ ನ್ಯೂಜೆರ್ಸಿ. 2012ರಲ್ಲಿ ಅಲ್ಲಿನ ಪೌರತ್ವ ತೆಗೆದುಕೊಂಡೆ. ಹೆಂಡತಿ ಗ್ರೀನ್ ಕಾರ್ಡಿನಲ್ಲೇ ಉಳಿದಳು, ಅವಳದು ಈಗಲೂ ಭಾರತದ ಪಾಸ್‌ಪೋರ್ಟ್. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಆದರು. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗೋಣ ಅಂದರೆ ಈ ಮನೆ, ಈ ತೆಂಗಿನಮರ ಬಿಟ್ಟು ಬರಲ್ಲ ಅಂದರು. ಹಾಗಾಗಿ ನಾವೇ 2023ರ ಜೂನ್ 10ಕ್ಕೆ ಮೈಸೂರಿಗೆ ಬಂದುಬಿಟ್ಟೆವು.

ನಿವೃತ್ತಿಗೆ ಅಂತ ಇರುವುದು ಇಷ್ಟು. ಅಮೆರಿಕದಲ್ಲಿ 401ಕೆ, ಅಂದರೆ ಕೆಲಸದ ಕಂಪನಿ ಮೂಲಕ ಕೂಡಿಟ್ಟ ನಿವೃತ್ತಿ ಖಾತೆ, ಸುಮಾರು 4 ಲಕ್ಷ ಡಾಲರ್. ಒಂದು ಸಣ್ಣ ರಾತ್ ಐಆರ್‌ಎ, ಅಂದರೆ ತೆರಿಗೆ ಕಟ್ಟಿದ ಹಣ ಹಾಕುವ ಸ್ವಂತ ನಿವೃತ್ತಿ ಖಾತೆ. ಇಲ್ಲಿ 2023ರ ನವೆಂಬರಿನಲ್ಲಿ, ಬ್ಯಾಂಕಿನವರು ಹೇಳಿದರು ಅಂತ 38 ಲಕ್ಷ ರೂಪಾಯಿಯನ್ನು ಮೂರು ಈಕ್ವಿಟಿ ಮ್ಯೂಚುವಲ್ ಫಂಡಿಗೆ ಹಾಕಿದೆ. ಈಗ ಅದು 49 ಲಕ್ಷದ ಹತ್ತಿರ ಇದೆ. ಅಮ್ಮನ ಹೆಸರಿನಲ್ಲಿ 25 ಲಕ್ಷದ ಎಫ್‌ಡಿ ಇದೆ, ಅದಕ್ಕೆ ನನ್ನ ಹೆಸರೂ ಜಾಯಿಂಟ್ ಆಗಿ ಸೇರಿದೆ.

ಅಮೆರಿಕದ ರಿಟರ್ನ್ಸ್ ಪ್ರತಿ ವರ್ಷ ನಾನೇ ಸಾಫ್ಟ್‌ವೇರಿನಲ್ಲಿ ಹಾಕುತ್ತಿದ್ದೆ. ನ್ಯೂಜೆರ್ಸಿಯಲ್ಲಿದ್ದಾಗ ಇಲ್ಲಿನ ಬ್ಯಾಂಕಿನ ಅನಿವಾಸಿಗಳ ಖಾತೆಯಲ್ಲಿಟ್ಟ ಎನ್‌ಆರ್‌ಇ ಠೇವಣಿಯ ಬಡ್ಡಿ ತೋರಿಸಿಲ್ಲ. ಅದು ತೆರಿಗೆ ಇಲ್ಲದ ಬಡ್ಡಿ ಅಂತಲೇ ಎಲ್ಲರೂ ಹೇಳುತ್ತಿದ್ದರು. ಹೋದ ವಾರ ಒಬ್ಬ ಗೆಳೆಯ ಪಿಎಫ್‌ಐಸಿ ಅಂತ ಒಂದು ಹೆಸರು ಹೇಳಿದ. ಅವತ್ತಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ. ಇಲ್ಲಿನ ನನ್ನ ಆಡಿಟರ್‌ಗೆ ಅಮೆರಿಕದ ಕಡೆಯದು ಗೊತ್ತಿಲ್ಲ, ಅಲ್ಲಿನವರಿಗೆ ಇಲ್ಲಿನದು ಗೊತ್ತಿಲ್ಲ. ಯಾರಾದರೂ ಎರಡನ್ನೂ ಸೇರಿಸಿ ಹೇಳಿ.

ಲೆಕ್ಕದ ಮೇಷ್ಟ್ರು · ಜನವರಿ 11, 2026

ಮೊದಲು ಒಂದು ಮಾತು, ಗಾಬರಿ ಆಗಬೇಡಿ. ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ. ನಿಮ್ಮಂಥವರು ವಾರಕ್ಕೆ ಇಬ್ಬರಾದರೂ ಬರುತ್ತಾರೆ, ಎಲ್ಲರದೂ ಹೆಚ್ಚುಕಮ್ಮಿ ಇದೇ ಕಥೆ.

ಅಮೆರಿಕ ಪೌರತ್ವ ನೋಡಿ ತೆರಿಗೆ ಹಾಕುವ ದೇಶ. ನೀವು ಮೈಸೂರಿನಲ್ಲಿರಿ, ಮಡಿಕೇರಿಯಲ್ಲಿರಿ, ಜಗತ್ತಿನ ಯಾವ ಮೂಲೆಯ ಆದಾಯವನ್ನೂ ಅಲ್ಲಿ ತೋರಿಸಲೇಬೇಕು. ಗ್ರೀನ್ ಕಾರ್ಡ್ ಇರುವವರಿಗೂ ಇದೇ ನಿಯಮ. ಹಾಗಾಗಿ "ಭಾರತದಲ್ಲಿ ತೆರಿಗೆ ಇಲ್ಲ" ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ಎನ್‌ಆರ್‌ಇ ಬಡ್ಡಿ ಇಲ್ಲಿ ತೆರಿಗೆಮುಕ್ತ, ಅಲ್ಲಿ ಪೂರ್ತಿ ಆದಾಯ. ಪಿಪಿಎಫ್ ಬಡ್ಡಿಯೂ ಹಾಗೇ. ಇಲ್ಲಿ ತೆರಿಗೆ ಕಟ್ಟದೇ ಇರುವುದರಿಂದ ಅಲ್ಲಿ ಕಳೆಯಲು ಏನೂ ಇರಲ್ಲ, ಪೂರ್ತಿ ಅಲ್ಲೇ ಕಟ್ಟಬೇಕಾಗುತ್ತೆ.

ಈಗ ಪಿಎಫ್‌ಐಸಿ. 1986ರ ಅಮೆರಿಕದ ತೆರಿಗೆ ಸುಧಾರಣೆಯಲ್ಲಿ ಬಂದ ನಿಯಮ ಇದು. ಹೊರದೇಶದ ಫಂಡಿನಲ್ಲಿ ಹಣ ಇಟ್ಟು ತೆರಿಗೆ ಮುಂದೂಡುವವರನ್ನು ತಡೆಯಲಿಕ್ಕೆ ಮಾಡಿದ್ದು. ಭಾರತದ ಮ್ಯೂಚುವಲ್ ಫಂಡ್‌ಗಳೆಲ್ಲ ಅದರಡಿ ಬರುತ್ತವೆ, ಈಕ್ವಿಟಿ ಆಗಲಿ ಲಿಕ್ವಿಡ್ ಆಗಲಿ. ಒಂದೊಂದು ಫಂಡಿಗೂ ಒಂದೊಂದು ಫಾರ್ಮ್ 8621. ಮಾರಿದಾಗ ಬಂದ ಲಾಭವನ್ನು ನೀವು ಇಟ್ಟುಕೊಂಡ ಅಷ್ಟೂ ದಿನಕ್ಕೆ ಸಮನಾಗಿ ಹಂಚುತ್ತಾರೆ. ಹಿಂದಿನ ವರ್ಷಗಳ ಪಾಲಿಗೆ ಆಯಾ ವರ್ಷದ ಗರಿಷ್ಠ ದರ, ಅಂದರೆ ಈಗ 37%, ಅದರ ಮೇಲೆ ಬಡ್ಡಿ. ನಿಮ್ಮ ಸ್ಲ್ಯಾಬ್ 12% ಇದ್ದರೂ ಅದನ್ನು ಕೇಳುವುದಿಲ್ಲ. 15 ವರ್ಷ ಇಟ್ಟುಕೊಂಡು ಮಾರಿದವರಿಗೆ ಲಾಭದ ದೊಡ್ಡ ಪಾಲು ತೆರಿಗೆಗೂ ಬಡ್ಡಿಗೂ ಹೋಗುವುದು ಇದೇ ಕಾರಣಕ್ಕೆ.

ನಿಮ್ಮದು ಎರಡು ವರ್ಷ ಚಿಲ್ಲರೆ ಅಷ್ಟೇ. ಲೆಕ್ಕ ಹಾಕೋಣ. ಅಮೆರಿಕದ ಲೆಕ್ಕ ಡಾಲರಿನಲ್ಲಿ ನಡೆಯುತ್ತೆ, ಇದನ್ನು ಮರೆಯಬೇಡಿ. ನೀವು ಹಾಕಿದಾಗ ಡಾಲರಿಗೆ 83 ಇತ್ತು ಅಂದುಕೊಂಡರೆ 45,800 ಡಾಲರ್. ಈಗ 90ರ ಹತ್ತಿರ, 49 ಲಕ್ಷ ಅಂದರೆ 54,400. ರೂಪಾಯಿಯಲ್ಲಿ 11 ಲಕ್ಷ ಲಾಭ ಕಂಡರೂ ಡಾಲರಿನಲ್ಲಿ ಲಾಭ 8,600 ಮಾತ್ರ. ಅದಕ್ಕೆ 37% ಅಂದರೆ 3,200ರ ಆಸುಪಾಸು, ಮೇಲೆ ಸ್ವಲ್ಪ ಬಡ್ಡಿ. ಭಾರತದಲ್ಲಿ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ 12.5% ಮತ್ತು ಸೆಸ್ ಕಟ್ಟುತ್ತೀರಿ, ಅದು ಸುಮಾರು 1,400 ಡಾಲರ್. ಅದನ್ನು ಅಲ್ಲಿನ ತೆರಿಗೆಯಿಂದ ಕಳೆಯಬಹುದು. ಉಳಿಯುವುದು 2,000 ಡಾಲರಿನಷ್ಟು. ನೋವಾಗುವ ಮೊತ್ತವೇ, ಆದರೆ ನಿದ್ದೆ ಕೆಡಿಸಿಕೊಳ್ಳುವಷ್ಟಲ್ಲ. ನನ್ನ ಸಲಹೆ: ಮಾರಿಬಿಡಿ. ಇಟ್ಟುಕೊಂಡಷ್ಟೂ ಬಡ್ಡಿ ಬೆಳೆಯುತ್ತೆ.

ಅಮ್ಮನ ಎಫ್‌ಡಿ ಬಗ್ಗೆ ಇನ್ನೂ ಹೇಳಬೇಕು, ಸಂಜೆ ಬರೆಯುತ್ತೇನೆ.

ಜಯನಗರ ರಿಟರ್ನ್ · ಜನವರಿ 11, 2026

ಮೇಷ್ಟ್ರು ಹೇಳಿದ್ದು ಸರಿ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಆರ್‌ಎನ್‌ಓಆರ್ (ರೆಸಿಡೆಂಟ್ ಬಟ್ ನಾಟ್ ಆರ್ಡಿನರಿಲಿ ರೆಸಿಡೆಂಟ್, ಅಂದರೆ ಇನ್ನೂ ಪೂರ್ತಿ ರೆಸಿಡೆಂಟ್ ಆಗದವರು) ದಿನಗಳನ್ನು ಎಣಿಸಿದ್ದೀರಾ?

ವಾಪಸ್ ಬಂದವರಿಗೆ ಭಾರತದ ಕಾನೂನು ಕೊಡುವ ದೊಡ್ಡ ಅನುಕೂಲ ಅದು. ಹಿಂದಿನ 10 ವರ್ಷದಲ್ಲಿ 9 ವರ್ಷ ನಾನ್ ರೆಸಿಡೆಂಟ್ ಆಗಿದ್ದರೆ, ಅಥವಾ ಹಿಂದಿನ 7 ವರ್ಷದಲ್ಲಿ ಭಾರತದಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಇರದಿದ್ದರೆ, ಆ ವರ್ಷ ನೀವು ಆರ್‌ಎನ್‌ಓಆರ್. ಆಗ ನಿಮ್ಮ ಅಮೆರಿಕದ ಬಡ್ಡಿ, ಡಿವಿಡೆಂಡ್, 401ಕೆ ಯಾವುದಕ್ಕೂ ಇಲ್ಲಿ ತೆರಿಗೆ ಇಲ್ಲ. ನೀವು ಜೂನ್ 2023ಕ್ಕೆ ಬಂದಿದ್ದರಿಂದ 2023-24 ಮತ್ತು 2024-25 ಎರಡೂ ವರ್ಷ ಹತ್ತರಲ್ಲಿ ಒಂಬತ್ತರ ಲೆಕ್ಕದಲ್ಲೇ ಸಿಗುತ್ತೆ. 2025-26ಕ್ಕೆ ಮಾತ್ರ 729 ದಿನದ ಲೆಕ್ಕ ನೋಡಬೇಕು. ಪಾಸ್‌ಪೋರ್ಟಿನ ಸ್ಟಾಂಪ್ ಎದುರಿಗೆ ಇಟ್ಟುಕೊಂಡು ಕೂತು ಎಣಿಸಿ, ಅಂದಾಜಿನಲ್ಲಿ ಹೇಳಬೇಡಿ.

ಕುವೆಂಪುನಗರದವ · ಜನವರಿ 12, 2026

ಇವತ್ತು ಬೆಳಿಗ್ಗೆ ಎಣಿಸಿದೆ. 2018ರ ಏಪ್ರಿಲಿಂದ ನೋಡಿದರೆ ರಜೆಗೆ ಬಂದಿದ್ದು ಕ್ರಮವಾಗಿ 25 ದಿನ, 20 ದಿನ, ಕೋವಿಡ್ ವರ್ಷ ಸೊನ್ನೆ, ಅಪ್ಪ ಹೋದಾಗ 40, ಆಮೇಲೆ 30. ಒಟ್ಟು 115. ವಾಪಸ್ ಬಂದ ವರ್ಷ 296 ದಿನ. ಮರುವರ್ಷ ಮಗಳನ್ನು ನೋಡಲು 30 ದಿನ ಹೋಗಿದ್ದು ಬಿಟ್ಟರೆ 335. ಕೂಡಿದರೆ 746.

17 ದಿನ ಜಾಸ್ತಿ. ಅಷ್ಟೇ. ಮಗಳ ಹತ್ತಿರ ಇನ್ನು ಮೂರು ವಾರ ಇದ್ದಿದ್ದರೆ ಇಡೀ ಒಂದು ವರ್ಷ ಉಳಿಯುತ್ತಿತ್ತು. ಅವಳು ಇರು ಅಂತ ಎಷ್ಟು ಹೇಳಿದ್ದಳು. ಮನಸ್ಸಿಗೆ ತುಂಬಾ ಬೇಜಾರಾಗಿದೆ.

ಜಯನಗರ ರಿಟರ್ನ್ · ಜನವರಿ 12, 2026

ಅಯ್ಯೋ. ಆದರೂ ಎರಡು ವರ್ಷ ಸಿಕ್ಕಿದೆಯಲ್ಲ. ಇದನ್ನು ಓದುತ್ತಿರುವ, ಇನ್ನೂ ಹೊರಡದೇ ಇರುವವರಿಗೆ ಹೇಳುತ್ತೇನೆ: ಟಿಕೆಟ್ ಬುಕ್ ಮಾಡುವ ಮೊದಲು ಈ ಎಣಿಕೆ ಮಾಡಿ. ಯಾವ ತಿಂಗಳಲ್ಲಿ ಬಂದಿಳಿಯುತ್ತೀರಿ ಅನ್ನುವುದರ ಮೇಲೆ ಒಂದು ಪೂರ್ತಿ ವರ್ಷ ಹೋಗುತ್ತೆ ಅಥವಾ ಬರುತ್ತೆ.

ನಾನು ಆ ಎರಡು ವರ್ಷದಲ್ಲಿ ಮಾಡಿದ್ದು ಇದು. ಇಬ್ಬರಿಗೂ ಕೆಲಸ ಇರಲಿಲ್ಲ, ಬೇರೆ ಆದಾಯ ಹೆಚ್ಚು ಇರಲಿಲ್ಲ. ಅಮೆರಿಕದ ಜಾಯಿಂಟ್ ರಿಟರ್ನ್ಸ್‌ನಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 2023ರಲ್ಲಿ 27,700, 2024ರಲ್ಲಿ 29,200 ಡಾಲರ್ ಇತ್ತು. ಅಷ್ಟಷ್ಟೇ ಮೊತ್ತವನ್ನು ಸಾಂಪ್ರದಾಯಿಕ ಐಆರ್‌ಎಯಿಂದ, ಅಂದರೆ ತೆಗೆಯುವಾಗ ತೆರಿಗೆ ಬೀಳುವ ಖಾತೆಯಿಂದ, ರಾತ್‌ಗೆ ಬದಲಾಯಿಸಿದೆ. ಅಲ್ಲಿ ತೆರಿಗೆ ಸೊನ್ನೆ, ಆರ್‌ಎನ್‌ಓಆರ್ ಆದ್ದರಿಂದ ಇಲ್ಲೂ ಸೊನ್ನೆ. ನನಗೆ ಐವತ್ತೊಂಬತ್ತೂವರೆ ವರ್ಷ ಆಗಿರಲಿಲ್ಲ, ಆದರೆ ಅದಕ್ಕೆ ಮುಂಚೆ ಹಣ ತೆಗೆದರೆ ಬೀಳುವ 10% ದಂಡ ಹೀಗೆ ಬದಲಾಯಿಸಲು ಇಲ್ಲ. ನನ್ನ ಜೀವನದಲ್ಲಿ ಮಾಡಿದ ಒಳ್ಳೆಯ ಹಣಕಾಸಿನ ಕೆಲಸ ಅದೇ ಅನ್ನಿಸುತ್ತೆ.

ಲೆಕ್ಕದ ಮೇಷ್ಟ್ರು · ಜನವರಿ 12, 2026

ಬದಲಾಯಿಸಿದ್ದು ಚೆನ್ನಾಗಿದೆ, ಆದರೆ ಮುಂದಿನದನ್ನೂ ಹೇಳಬೇಕು. ರಾತ್ ಅಂದ ತಕ್ಷಣ ಇಲ್ಲೂ ತೆರಿಗೆ ಇಲ್ಲ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ.

2021ರ ಹಣಕಾಸು ಕಾಯ್ದೆಯಲ್ಲಿ 89ಎ ಅನ್ನುವ ಸೆಕ್ಷನ್ ಬಂತು. ಅಮೆರಿಕ, ಬ್ರಿಟನ್, ಕೆನಡಾ ಈ ಮೂರು ದೇಶಗಳ ನಿವೃತ್ತಿ ಖಾತೆಗೆ ಅನ್ವಯ. ಅದಕ್ಕೂ ಮುಂಚೆ ದೊಡ್ಡ ತೊಡಕಿತ್ತು. 401ಕೆ ಒಳಗೆ ಬೆಳೆದದ್ದಕ್ಕೆ ಭಾರತ ಪ್ರತಿ ವರ್ಷ ತೆರಿಗೆ ಕೇಳುತ್ತಿತ್ತು, ಅಮೆರಿಕ ತೆಗೆದಾಗ ಕೇಳುತ್ತಿತ್ತು. ಎರಡೂ ಬೇರೆ ಬೇರೆ ವರ್ಷ ಆದ್ದರಿಂದ ಒಂದರ ವಿರುದ್ಧ ಇನ್ನೊಂದನ್ನು ಕಳೆಯಲು ಆಗುತ್ತಿರಲಿಲ್ಲ. ಈಗ ಫಾರ್ಮ್ 10-ಇಇ ಆನ್‌ಲೈನಿನಲ್ಲಿ ಸಲ್ಲಿಸಿದರೆ ಭಾರತವೂ ನೀವು ಹಣ ತೆಗೆಯುವ ತನಕ ಕಾಯುತ್ತೆ. ಆದರೆ ಕಾನೂನಿನ ಮಾತು "ಆ ದೇಶದಲ್ಲಿ ಹಣ ತೆಗೆಯುವಾಗ ತೆರಿಗೆ ಬೀಳುವ ಖಾತೆ" ಅನ್ನುವ ಅರ್ಥದಲ್ಲಿದೆ. ರಾತ್‌ನಲ್ಲಿ ತೆಗೆಯುವಾಗ ತೆರಿಗೆ ಬೀಳುವುದೇ ಇಲ್ಲ. ಹಾಗಾಗಿ ನನ್ನ ಓದಿನಲ್ಲಿ ರಾತ್ ಇದರೊಳಗೆ ಬರುವುದಿಲ್ಲ, ಒಳಗಿನ ಡಿವಿಡೆಂಡ್ ಮತ್ತು ಮಾರಿದ ಲಾಭವನ್ನು ಇಲ್ಲಿ ವರ್ಷ ವರ್ಷ ತೋರಿಸಬೇಕು. ನನ್ನ ಕಕ್ಷಿದಾರರಿಗೆ ನಾನು ಹೇಳುವುದು ಇಷ್ಟೇ: ರಾತ್ ಒಳಗೆ ಡಿವಿಡೆಂಡ್ ಕಡಿಮೆ ಕೊಡುವ ಫಂಡ್ ಇಡಿ, ಪದೇ ಪದೇ ಕೊಂಡು ಮಾರಬೇಡಿ.

ಕುವೆಂಪುನಗರದವರೇ, ನಿಮಗೆ ಮುಖ್ಯವಾದದ್ದು ಈಗ. 2025-26ರಿಂದ ನೀವು ಪೂರ್ತಿ ರೆಸಿಡೆಂಟ್. 10-ಇಇ ಅನ್ನು ಈ ವರ್ಷದ ರಿಟರ್ನ್ಸ್ ಗಡುವಿನೊಳಗೆ, ಅಂದರೆ ಜುಲೈ 31, 2026ರೊಳಗೆ ಹಾಕಲೇಬೇಕು. ಒಮ್ಮೆ ಹಾಕಿದರೆ ಮುಂದಿನ ವರ್ಷಗಳಿಗೂ ಅದೇ, ಹಿಂದಕ್ಕೆ ತೆಗೆಯಲು ಬರಲ್ಲ. ಇನ್ನೊಂದು, ಮಾರ್ಚ್ 31, 2025ರ ದಿನ 401ಕೆಯಲ್ಲಿ ಎಷ್ಟಿತ್ತು ಅನ್ನುವ ಸ್ಟೇಟ್‌ಮೆಂಟ್ ಇವತ್ತೇ ಇಳಿಸಿಕೊಂಡು ಪ್ರಿಂಟ್ ತೆಗೆದಿಡಿ. ನೀವು ನಾನ್ ರೆಸಿಡೆಂಟ್ ಮತ್ತು ಆರ್‌ಎನ್‌ಓಆರ್ ಆಗಿದ್ದಾಗ ಬೆಳೆದ ಹಣಕ್ಕೆ, ಮುಂದೆ ತೆಗೆದಾಗ ಭಾರತದಲ್ಲಿ ತೆರಿಗೆ ಇಲ್ಲ. ನಿಯಮ 21ಎಎಎ ಇದನ್ನೇ ಹೇಳುತ್ತೆ. ಹತ್ತು ವರ್ಷ ಆದ ಮೇಲೆ ಆ ಕಾಗದ ಹುಡುಕಿದರೆ ಸಿಗಲ್ಲ. ನಿಮ್ಮ 4 ಲಕ್ಷ ಡಾಲರಿನ ಬಹುಪಾಲಿಗೆ ಅದೇ ಸಾಕ್ಷಿ.

ಹಾಗೇ ರಿಟರ್ನ್ಸ್‌ನಲ್ಲಿ ಷೆಡ್ಯೂಲ್ ಎಫ್‌ಎ ತುಂಬಬೇಕು. ಹೊರದೇಶದ ಎಲ್ಲ ಖಾತೆ, 401ಕೆ ಸೇರಿ, ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಹಾಕಲು ಅವಕಾಶ ಇದೆ.

ಸನ್ನಿವೇಲ್ ಸೊಸೆ · ಜನವರಿ 13, 2026

ಮೇಷ್ಟ್ರೇ, ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಅತ್ತೆ ಮಾವನಿಗೆ ನಾವು ಗ್ರೀನ್ ಕಾರ್ಡ್ ಮಾಡಿಸಿದ್ದೆವು. ಮೊಮ್ಮಕ್ಕಳ ಜೊತೆ ಇರಲಿ ಅಂತ ಆಸೆ ಇತ್ತು. ಅವರಿಗೆ ಇಲ್ಲಿ ಅಮೆರಿಕದ ಚಳಿ, ಒಂಟಿತನ ಆಗಲಿಲ್ಲ. ಈಗ ನಾಲ್ಕು ವರ್ಷದಿಂದ ವರ್ಷದ ಹೆಚ್ಚಿನ ಭಾಗ ದಾವಣಗೆರೆಯಲ್ಲೇ ಇರುತ್ತಾರೆ. ಮಾವನಿಗೆ ಪೆನ್ಷನ್ ಬರುತ್ತೆ, ಎಫ್‌ಡಿ ಒಂದು 60 ಲಕ್ಷ ಇದೆ. ಅಮೆರಿಕದಲ್ಲಿ ಒಂದು ರೂಪಾಯಿ ಸಂಪಾದನೆ ಇಲ್ಲ ಅಂತ ಅವರ ರಿಟರ್ನ್ಸ್ ಹಾಕೇ ಇಲ್ಲ. ಇದು ತಪ್ಪಾ? ನನಗೆ ಓದುತ್ತಾ ಕೈ ನಡುಗುತ್ತಿದೆ.

ಲೆಕ್ಕದ ಮೇಷ್ಟ್ರು · ಜನವರಿ 13, 2026

ತಾಯಿ, ತಪ್ಪಾಗಿದೆ, ಆದರೆ ಸರಿ ಮಾಡಬಹುದು. ಗ್ರೀನ್ ಕಾರ್ಡ್ ಇದ್ದಷ್ಟು ದಿನ ದಾವಣಗೆರೆಯ ಪೆನ್ಷನ್ನೂ ಬಡ್ಡಿಯೂ ಅಲ್ಲಿ ತೋರಿಸಬೇಕಿತ್ತು. ಇಲ್ಲಿ ಕಟ್ಟಿದ ತೆರಿಗೆ ಕಳೆದರೆ ಬಹುಶಃ ಅಲ್ಲಿ ಕಟ್ಟುವುದು ಸ್ವಲ್ಪವೇ ಇರುತ್ತೆ. ತೆರಿಗೆಗಿಂತ ದೊಡ್ಡದು ಎಫ್‌ಬಾರ್. ಅಮೆರಿಕದ ಹೊರಗಿನ ಎಲ್ಲ ಬ್ಯಾಂಕ್ ಖಾತೆಗಳ ಮೊತ್ತ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದರೆ ಫಿನ್‌ಸೆನ್ 114 ಅನ್ನುವ ವರದಿ ಕೊಡಬೇಕು. ಇದರಲ್ಲಿ ತೆರಿಗೆ ಏನಿಲ್ಲ, ಸುಮ್ನೆ ಮಾಹಿತಿ. ಆದರೆ ಕೊಡದಿದ್ದರೆ ದಂಡ ಭಾರಿ. ಗೊತ್ತಿಲ್ಲದೇ ಬಿಟ್ಟವರಿಗೂ ಒಂದು ವರದಿಗೆ 10,000 ಡಾಲರಿನ ಮೇಲೆ ಹಾಕಬಹುದು. ಮೊದಲು ಖಾತೆಗೊಂದು ದಂಡ ಅಂತ ಕೇಳುತ್ತಿದ್ದರು, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ವರದಿಗೊಂದು ಮಾತ್ರ ಅಂತ ತೀರ್ಪು ಕೊಟ್ಟಿತು.

ಬ್ಯಾಂಕಿನವರಿಗೆ ಗೊತ್ತಾಗಲ್ಲ ಅಂದುಕೊಳ್ಳಬೇಡಿ. 2015ರಲ್ಲಿ ಭಾರತ ಮತ್ತು ಅಮೆರಿಕ ಫಾಟ್ಕಾ ಅನ್ನುವ, ಖಾತೆಗಳ ಮಾಹಿತಿ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿವೆ. ಕೆವೈಸಿ ಫಾರ್ಮಿನಲ್ಲಿ "ನೀವು ಅಮೆರಿಕದ ತೆರಿಗೆದಾರರೇ" ಅಂತ ಕೇಳುವುದು ಅದಕ್ಕೇ.

ನಿಮಗೂ ಕುವೆಂಪುನಗರದವರಿಗೂ ದಾರಿ ಒಂದೇ, ಸ್ಟ್ರೀಮ್‌ಲೈನ್ಡ್ ಅಂತ ಕರೆಯುತ್ತಾರೆ. ಬೇಕೆಂದೇ ಮುಚ್ಚಿಟ್ಟಿದ್ದಲ್ಲ ಅನ್ನುವವರಿಗೆ ಮಾತ್ರ. ಹಿಂದಿನ 3 ವರ್ಷದ ರಿಟರ್ನ್ಸ್, 6 ವರ್ಷದ ಎಫ್‌ಬಾರ್, ಮತ್ತು ಫಾರ್ಮ್ 14653ರಲ್ಲಿ ಏನಾಯಿತು ಅಂತ ನಿಮ್ಮ ಮಾತಿನಲ್ಲಿ ನಿಜ ಬರೆಯಬೇಕು. ಕುವೆಂಪುನಗರದವರು ಆ ಮೂರರಲ್ಲಿ ಒಂದು ವರ್ಷವಾದರೂ 330 ದಿನ ಅಮೆರಿಕದ ಹೊರಗಿದ್ದಿರಬೇಕು. ಅತ್ತೆ ಮಾವನಿಗೂ ಅದೇ ನಿಯಮ, ಅವರು ಬಂದು ಹೋದ ದಿನ ಎಣಿಸಿ. ಅಮೆರಿಕದ ಹೊರಗಿರುವವರ ಈ ದಾರಿಯಲ್ಲಿ ದಂಡ ಇಲ್ಲ, ಬಾಕಿ ತೆರಿಗೆ ಮತ್ತು ಬಡ್ಡಿ ಮಾತ್ರ. ಇಲಾಖೆಯಿಂದ ಪತ್ರ ಬರುವ ಮೊದಲು ಹೋಗಬೇಕು, ಬಂದ ಮೇಲೆ ಈ ಬಾಗಿಲು ಮುಚ್ಚುತ್ತೆ.

ಅಮ್ಮನ ಎಫ್‌ಡಿ ಕೇಳಿದ್ದಿರಿ. ಜಾಯಿಂಟ್ ಹೆಸರು ಇದ್ದರೆ ಸಾಕು, ಎಫ್‌ಬಾರ್‌ನಲ್ಲಿ ಪೂರ್ತಿ 25 ಲಕ್ಷವನ್ನೂ ತೋರಿಸಬೇಕು. ಬಡ್ಡಿ ಅಮ್ಮನದೇ ಆದರೆ ತೆರಿಗೆ ನಿಮಗೆ ಬರಲ್ಲ. ಇನ್ನು ಮುಂದೆ ಅಮ್ಮನ ಖಾತೆಗೆ ಜಾಯಿಂಟ್ ಬದಲು ನಾಮಿನಿ ಆಗಿ, ಅಷ್ಟು ಸಾಕು.

ಸನ್ನಿವೇಲ್ ಸೊಸೆ · ಜನವರಿ 13, 2026

ತುಂಬಾ ಧನ್ಯವಾದ ಮೇಷ್ಟ್ರೇ. ಮಾವ ಗ್ರೀನ್ ಕಾರ್ಡೇ ಬೇಡ, ವಾಪಸ್ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ. ಮುಂದಿನ ವರ್ಷ ಕಾರ್ಡಿನ ಅವಧಿಯೂ ಮುಗಿಯುತ್ತೆ, ಹಾಗೇ ಬಿಟ್ಟರೆ ಆಗಲ್ವಾ?

ಲೆಕ್ಕದ ಮೇಷ್ಟ್ರು · ಜನವರಿ 14, 2026

ಹಾಗೇ ಬಿಡಬೇಡಿ. ಕಾರ್ಡಿನ ಅವಧಿ ಮುಗಿದರೂ ತೆರಿಗೆಯ ಲೆಕ್ಕದಲ್ಲಿ ಅದು ಜೀವಂತವಾಗೇ ಇರುತ್ತೆ. ಕಾರ್ಡ್ ವಾಪಸ್ ಕೊಡುವ ಐ-407 ಫಾರ್ಮ್ ಸಲ್ಲಿಸಿಯೇ ಬಿಡಬೇಕು. ಮೊದಲು ಸ್ಟ್ರೀಮ್‌ಲೈನ್ಡ್, ಆಮೇಲೆ ಐ-407, ಈ ಸಾಲು ತಪ್ಪಬಾರದು.

ಕುವೆಂಪುನಗರದವರ ಪತ್ನಿಗೆ ಇದು ಇನ್ನೂ ಮುಖ್ಯ. 15 ವರ್ಷದಲ್ಲಿ 8 ವರ್ಷ ಕಾರ್ಡ್ ಇಟ್ಟುಕೊಂಡವರು ಅದನ್ನು ಬಿಡುವಾಗ ಫಾರ್ಮ್ 8854 ತುಂಬಬೇಕು. ಅದರಲ್ಲಿ ಹಿಂದಿನ 5 ವರ್ಷದ ತೆರಿಗೆ ಎಲ್ಲ ಸರಿಯಾಗಿದೆ ಅಂತ ಸಹಿ ಹಾಕಬೇಕು. ಹಾಕಲು ಆಗದಿದ್ದರೆ ಆಸ್ತಿ ಎಷ್ಟೇ ಕಡಿಮೆ ಇರಲಿ ನಿರ್ಗಮನ ತೆರಿಗೆಯ (ಪೌರತ್ವ ಅಥವಾ ಕಾರ್ಡ್ ಬಿಟ್ಟು ಹೋಗುವವರ ಮೇಲಿನ ತೆರಿಗೆ) ಗುಂಪಿಗೆ ಸೇರಿಬಿಡುತ್ತಾರೆ. 20 ಲಕ್ಷ ಡಾಲರ್ ಆಸ್ತಿ ಇರುವ ಶ್ರೀಮಂತರಿಗೆ ಮಾತ್ರ ಅಂತ ಓದಿ ಸುಮ್ಮನಾಗುವವರು ಎಡವುವುದು ಇಲ್ಲೇ.

ಹುಬ್ಬಳ್ಳಿ ಡಿಸೈನರ್ · ಜನವರಿ 15, 2026

ನನ್ನದು ಸ್ವಲ್ಪ ಬೇರೆ. ಅಪ್ಪ ಅಮ್ಮ ಟೆಕ್ಸಾಸಿನಲ್ಲಿದ್ದಾಗ ಹುಟ್ಟಿದೆ, ಎರಡು ವರ್ಷದವಳಿದ್ದಾಗ ಹುಬ್ಬಳ್ಳಿಗೆ ಬಂದೆವು. ಅಮೆರಿಕದ ಪಾಸ್‌ಪೋರ್ಟ್, ಇಲ್ಲಿ ಓಸಿಐ, ಅಂದರೆ ಭಾರತ ಮೂಲದ ವಿದೇಶಿಯರಿಗೆ ಕೊಡುವ ಕಾರ್ಡ್. ಆ ದೇಶದ ನೆನಪೇ ಇಲ್ಲ. ಬೆಂಗಳೂರಿನಲ್ಲಿ ಸ್ವಂತವಾಗಿ ಡಿಸೈನ್ ಕೆಲಸ ಮಾಡುತ್ತೇನೆ, ಗಿರಾಕಿಗಳೆಲ್ಲ ಇಲ್ಲಿಯವರೇ. ವರ್ಷಕ್ಕೆ 18 ಲಕ್ಷ ಬರುತ್ತೆ. 1,30,000 ಡಾಲರ್ ತನಕ ಹೊರದೇಶದ ಸಂಪಾದನೆಗೆ ವಿನಾಯಿತಿ ಇದೆಯಂತಲ್ಲ, ಹಾಗಾದರೆ ನಾನು ಏನೂ ಕಟ್ಟಬೇಕಿಲ್ಲ ಅಲ್ವಾ?

ಲೆಕ್ಕದ ಮೇಷ್ಟ್ರು · ಜನವರಿ 15, 2026

ಆದಾಯ ತೆರಿಗೆ ಇಲ್ಲ, 2025ಕ್ಕೆ 1,30,000 ಡಾಲರ್ ಮಿತಿ ನಿಜ. ಆದರೆ ಸ್ವಂತ ಕೆಲಸ ಮಾಡುವವರು 15.3% ಸೋಷಿಯಲ್ ಸೆಕ್ಯುರಿಟಿ (ಅಲ್ಲಿನ ಸರ್ಕಾರಿ ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ತೆರಿಗೆ ಬೇರೆಯಾಗಿ ಕಟ್ಟಬೇಕು. 400 ಡಾಲರ್ ನಿವ್ವಳ ಸಂಪಾದನೆಯಿಂದಲೇ ಶುರು. ಈ ವಿನಾಯಿತಿ ಅದಕ್ಕೆ ತಾಗುವುದಿಲ್ಲ. ಜರ್ಮನಿಯಲ್ಲೋ ಜಪಾನಿನಲ್ಲೋ ಇದ್ದಿದ್ದರೆ ಎರಡು ದೇಶಗಳ ಸಾಮಾಜಿಕ ಭದ್ರತಾ ಒಪ್ಪಂದದಿಂದ ತಪ್ಪುತ್ತಿತ್ತು. ಭಾರತ ಮತ್ತು ಅಮೆರಿಕದ ನಡುವೆ ಅಂಥ ಒಪ್ಪಂದ ಇವತ್ತಿಗೂ ಇಲ್ಲ.

ಒಪ್ಪಂದ ಇಲ್ಲದ್ದರ ಪೆಟ್ಟು ಎರಡೂ ಕಡೆ ಬೀಳುತ್ತೆ. ಇಲ್ಲಿಂದ ಹೋಗಿ 7-8 ವರ್ಷ ದುಡಿದು ವಾಪಸ್ ಬಂದ ನಮ್ಮ ಹುಡುಗರು ಪ್ರತಿ ಸಂಬಳದಲ್ಲಿ ಕಟ್ಟಿದ ಸೋಷಿಯಲ್ ಸೆಕ್ಯುರಿಟಿ, ಪಿಂಚಣಿಗೆ ಬೇಕಾದ 40 ಕ್ರೆಡಿಟ್ ಆಗದ ಕಾರಣ ಹಾಗೇ ಹೋಗುತ್ತೆ. ನನಗೆ ಇದರಷ್ಟು ಅನ್ಯಾಯ ಬೇರೆ ಕಾಣುವುದಿಲ್ಲ.

ಒಂದು ಒಳ್ಳೆಯದೂ ಇದೆ. ನೀವು ಕಟ್ಟುವುದಕ್ಕೆ ಕ್ರೆಡಿಟ್ ಸಿಗುತ್ತೆ. ವರ್ಷಕ್ಕೆ ನಾಲ್ಕು, ಹತ್ತು ವರ್ಷಕ್ಕೆ ನಲವತ್ತು. ಆಮೇಲೆ ಇಲ್ಲೇ ಕೂತು ಪಿಂಚಣಿ ಪಡೆಯಬಹುದು.

ಇನ್ನೊಂದು, ಐಆರ್‌ಎಗೆ ಹಣ ಹಾಕಬೇಕು ಅಂತ ಆಸೆ ಇದ್ದರೆ ಪೂರ್ತಿ ಸಂಪಾದನೆಗೆ ವಿನಾಯಿತಿ ತೆಗೆದುಕೊಂಡರೆ ಆಗಲ್ಲ. ವಿನಾಯಿತಿ ಪಡೆದ ಹಣ ಅಲ್ಲಿ ಸಂಪಾದನೆಯೇ ಅಲ್ಲ ಅನ್ನಿಸಿಕೊಳ್ಳುತ್ತೆ. ಅದರ ಬದಲು ಇಲ್ಲಿ ಕಟ್ಟಿದ ತೆರಿಗೆಯನ್ನು ಫಾರ್ಮ್ 1116ರಲ್ಲಿ ಕಳೆದರೆ, 2025ಕ್ಕೆ 7,000 ಡಾಲರ್ ತನಕ ಹಾಕಬಹುದು.

ಹುಬ್ಬಳ್ಳಿ ಡಿಸೈನರ್ · ಜನವರಿ 15, 2026

ಹಾಗಾದರೆ ಯಾವುದಾದರೂ ಕಂಪನಿಯಲ್ಲಿ ಸಂಬಳಕ್ಕೆ ಸೇರಿದರೆ 15.3% ತಪ್ಪುತ್ತಾ?

ಜಯನಗರ ರಿಟರ್ನ್ · ಜನವರಿ 16, 2026

ಇದಕ್ಕೆ ನಾನು ಹೇಳಬಲ್ಲೆ, ನನಗೇ ಆಗಿದ್ದು. ಭಾರತದ ಕಂಪನಿ ಸಂಬಳ ಕೊಟ್ಟರೆ ಅಮೆರಿಕದ 15.3% ಇಲ್ಲ. ಆದರೆ ವಿದೇಶಿ ಪಾಸ್‌ಪೋರ್ಟ್ ಇರುವುದರಿಂದ ನೀವು ಪಿಎಫ್ ಲೆಕ್ಕದಲ್ಲಿ "ಅಂತರರಾಷ್ಟ್ರೀಯ ಕೆಲಸಗಾರ". ಬೇರೆಯವರಿಗೆ 15,000ದ ಮಿತಿ ಇದ್ದರೆ ನಿಮಗೆ ಪೂರ್ತಿ ಸಂಬಳದ ಮೇಲೆ 12%, ತೆಗೆಯುವುದು 58 ಆದ ಮೇಲೆ. 2024ರ ಏಪ್ರಿಲಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಈ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ರದ್ದು ಮಾಡಿತು. 2025ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ಅದೇ ನಿಯಮವನ್ನು ಎತ್ತಿಹಿಡಿಯಿತು. ಸೇರುವ ಮೊದಲು ಕಂಪನಿಯ ಎಚ್‌ಆರ್ ಹತ್ತಿರ ಯಾವ ರೀತಿ ಕಡಿತ ಮಾಡುತ್ತೀರಿ ಅಂತ ಬರವಣಿಗೆಯಲ್ಲೇ ಕೇಳಿ.

ಬೆಳಗಾವಿಯ ಹಿರಿಯ · ಜನವರಿ 18, 2026

ತಮ್ಮಂದಿರಾ, ತಂಗಿಯರಾ, ಎಲ್ಲ ಓದಿದೆ. ನನಗೆ 71. ಅಮೆರಿಕದ ಪೌರ, 2018ರಿಂದ ಬೆಳಗಾವಿ ಟಿಳಕವಾಡಿಯಲ್ಲಿದ್ದೇನೆ. ಸೋಷಿಯಲ್ ಸೆಕ್ಯುರಿಟಿ ಬಗ್ಗೆ ಯಾರೂ ಸರಿಯಾಗಿ ಬರೆದಿಲ್ಲ, ನಾನು ಬರೆಯುತ್ತೇನೆ.

ಅದು ಇಲ್ಲಿ ಕೂತವರಿಗೂ ಬರುತ್ತದೆ. ನನಗೆ ಅಲ್ಲಿನ ಬ್ಯಾಂಕ್ ಖಾತೆಗೇ ಜಮಾ ಆಗುತ್ತದೆ, ಬೇಕಾದಾಗ ತರಿಸಿಕೊಳ್ಳುತ್ತೇನೆ. ಎರಡು ದೇಶಗಳ ತೆರಿಗೆ ಒಪ್ಪಂದದ 20ನೇ ವಿಧಿ ಪ್ರಕಾರ ಸೋಷಿಯಲ್ ಸೆಕ್ಯುರಿಟಿಗೆ ತೆರಿಗೆ ಹಾಕುವ ಹಕ್ಕು ಅಮೆರಿಕಕ್ಕೆ ಮಾತ್ರ. ಭಾರತದಲ್ಲಿ ಕಟ್ಟಬೇಕಿಲ್ಲ. ಮೊದಲ ಎರಡು ವರ್ಷ ನನ್ನ ಆಡಿಟರ್ ಇದನ್ನೂ ಆದಾಯಕ್ಕೆ ಸೇರಿಸಿ ತೆರಿಗೆ ಕಟ್ಟಿಸಿದ್ದರು. ಆಮೇಲೆ ಒಪ್ಪಂದದ ಪ್ರತಿಯನ್ನು ನಾನೇ ಒಯ್ದು ತೋರಿಸಬೇಕಾಯಿತು. 62ಕ್ಕೇ ತೆಗೆದುಕೊಂಡರೆ ಸುಮಾರು 30% ಕಡಿಮೆ ಬರುತ್ತದೆ, 1960ರಲ್ಲಿ ಅಥವಾ ಅದರ ನಂತರ ಹುಟ್ಟಿದವರಿಗೆ ಪೂರ್ತಿ ಸಿಗುವುದು 67ಕ್ಕೆ. ಮೈಸೂರಿನ ತಮ್ಮಾ, ಆರೋಗ್ಯ ಚೆನ್ನಾಗಿದ್ದರೆ ಕಾಯಿರಿ. ನಿಮ್ಮ ಮನೆಯವರಿಗೂ ನಿಮ್ಮ ಹೆಸರಿನ ಮೇಲೆ ಅರ್ಧದವರೆಗೆ ಬರುತ್ತದೆ. ಆದರೆ ಅವರು ಗ್ರೀನ್ ಕಾರ್ಡ್ ಬಿಟ್ಟರೆ ಅವರ ಪಾಲಿನಲ್ಲಿ 25.5% ಅಲ್ಲಿಯೇ ಹಿಡಿದುಕೊಳ್ಳುತ್ತಾರೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿರಿ.

ಕಾಲಕಾಲಕ್ಕೆ "ಇನ್ನೂ ಬದುಕಿದ್ದೀರಾ" ಅಂತ ಕೇಳುವ ಒಂದು ಫಾರ್ಮ್ ಅಂಚೆಯಲ್ಲಿ ಬರುತ್ತದೆ. ತುಂಬಿ ವಾಪಸ್ ಕಳಿಸದಿದ್ದರೆ ಹಣ ನಿಲ್ಲುತ್ತದೆ. ನಾವು ಮನೆ ಬದಲಿಸಿದಾಗ ವಿಳಾಸ ತಿದ್ದಿಸಿರಲಿಲ್ಲ, ನಾಲ್ಕು ತಿಂಗಳು ಬರಲಿಲ್ಲ. ಆ ನಾಲ್ಕು ತಿಂಗಳು ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಳು.

ಮೆಡಿಕೇರ್ ಇಲ್ಲಿ ನಡೆಯುವುದಿಲ್ಲ. ಅದರ ಪಾರ್ಟ್ ಬಿಗೆ, ಅಂದರೆ ವೈದ್ಯರ ಖರ್ಚು ನೋಡಿಕೊಳ್ಳುವ ಭಾಗಕ್ಕೆ, 2025ರಲ್ಲಿ ತಿಂಗಳಿಗೆ 185 ಡಾಲರ್ ಇತ್ತು. ಬೇಡ ಅಂತ ಬಿಟ್ಟು ಮುಂದೆ ಮಕ್ಕಳ ಹತ್ತಿರ ವಾಪಸ್ ಹೋದರೆ, ಬಿಟ್ಟ ಪ್ರತಿ 12 ತಿಂಗಳಿಗೆ 10% ಜಾಸ್ತಿ, ಸಾಯುವ ತನಕ. ನಾನು ಬಿಟ್ಟೆ. ಇಲ್ಲಿಯೇ ಇರುತ್ತೇನೆ ಅಂತ ನಿರ್ಧಾರ ಮಾಡಿ ಬಿಟ್ಟಿದ್ದು. 65 ಆಗುವ ಮೊದಲೇ ಗಂಡ ಹೆಂಡತಿ ಕೂತು ಮಾತಾಡಿರಿ.

ಕುವೆಂಪುನಗರದವ · ಜನವರಿ 18, 2026

ಹಿರಿಯರೇ, ನೀವು ಬರೆದಿದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ನಿಮ್ಮ ಮನೆಯವರು ಈಗ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ.

ಫಂಡ್ ಮಾರಿದ ಹಣ ಎಲ್ಲಿಡಬೇಕು ಅನ್ನುವುದೊಂದು ಉಳಿದಿದೆ. ಪಿಪಿಎಫ್, ಹಿರಿಯ ನಾಗರಿಕರ ಯೋಜನೆ ಓಸಿಐಗೆ ಇಲ್ಲವಂತೆ.

ಲೆಕ್ಕದ ಮೇಷ್ಟ್ರು · ಜನವರಿ 19, 2026

ಇಲ್ಲ, ಅವೆರಡೂ ಓಸಿಐಗೆ ಇಲ್ಲ. ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ಯೋಜನೆ, 2019ರಿಂದ ಓಸಿಐಗೆ ತೆರೆದಿದೆ, ಆದರೆ ನಿಮ್ಮ ಅಮೆರಿಕದ ಲೆಕ್ಕ ಇನ್ನೂ ಸಿಕ್ಕಾಗುತ್ತೆ, ನಾನು ಬೇಡ ಅನ್ನುತ್ತೇನೆ. ಇಲ್ಲಿನ ಖರ್ಚಿಗೆ ಎರಡು ಮೂರು ವರ್ಷದ್ದು ಎಫ್‌ಡಿಯಲ್ಲಿ ಇಡಿ. ಬಡ್ಡಿಗೆ ಇಲ್ಲಿ ಕಟ್ಟಿದ ತೆರಿಗೆ ಅಲ್ಲಿ ಕಳೆಯುತ್ತೆ, ನೇರವಾದ ಲೆಕ್ಕ. ಈಕ್ವಿಟಿ ಬೇಕೆಂದರೆ ವ್ಯಾಪಾರ ಉದ್ಯಮ ನಡೆಸುವ ಕಂಪನಿಗಳ ಷೇರನ್ನು ನೇರವಾಗಿ ಕೊಳ್ಳಿ. ಅವು ಸಾಮಾನ್ಯವಾಗಿ ಪಿಎಫ್‌ಐಸಿ ಅಲ್ಲ. ಬರೀ ಬೇರೆ ಕಂಪನಿಗಳ ಷೇರು ಹಿಡಿದು ಕೂತಿರುವ ಹೋಲ್ಡಿಂಗ್ ಕಂಪನಿಗಳಿಂದ ದೂರ ಇರಿ. ಹೆಚ್ಚಿನ ಉಳಿತಾಯವನ್ನು ಅಮೆರಿಕದ ಖಾತೆಯಲ್ಲೇ, ಅಲ್ಲಿನ ಇಂಡೆಕ್ಸ್ ಇಟಿಎಫ್‌ನಲ್ಲಿ (ಷೇರಿನ ಹಾಗೆ ಕೊಂಡು ಮಾರುವ ಫಂಡ್) ಬಿಡಿ. ನಿಮ್ಮ ಬ್ರೋಕರ್ ಭಾರತದ ವಿಳಾಸ ಒಪ್ಪುತ್ತಾರಾ ಅಂತ ಮೊದಲು ಕೇಳಿ. ಬಹಳಷ್ಟು ಕಡೆ ಹೊರದೇಶದ ವಿಳಾಸ ಕೊಟ್ಟ ಕೂಡಲೇ ಹೊಸ ಖರೀದಿ ನಿಲ್ಲಿಸುತ್ತಾರೆ.

ಗ್ರೀನ್ ಕಾರ್ಡ್ ಬಿಟ್ಟ ಮೇಲೆ ಮನೆಯವರ ಹೆಸರಿನಲ್ಲಿ ಅಮೆರಿಕದ ಷೇರು ಜಾಸ್ತಿ ಇಡಬೇಡಿ. ಅಲ್ಲಿ ಪೌರರಲ್ಲದ, ಅಲ್ಲಿ ವಾಸಿಸದವರು ತೀರಿಕೊಂಡರೆ 60,000 ಡಾಲರ್ ಮೀರಿದ ಅಮೆರಿಕದ ಆಸ್ತಿಗೆ ಎಸ್ಟೇಟ್ ತೆರಿಗೆ ಬೀಳುತ್ತೆ. ಅದಕ್ಕೆ ಭಾರತದೊಂದಿಗೆ ಒಪ್ಪಂದವೂ ಇಲ್ಲ. ಎಚ್‌1ಬಿಯಿಂದ ವಾಪಸ್ ಬಂದು ಅಲ್ಲಿನ ಕಂಪನಿ ಷೇರನ್ನು ಹಾಗೇ ಇಟ್ಟುಕೊಂಡಿರುವ ಎಷ್ಟೋ ಜನ ಬೆಂಗಳೂರಿನಲ್ಲಿದ್ದಾರೆ, ಅವರ ಮನೆಯವರಿಗೆ ಇದು ಗೊತ್ತೇ ಇಲ್ಲ.

ಕುವೆಂಪುನಗರದವ · ಮಾರ್ಚ್ 22, 2026

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮೂರೂ ಫಂಡ್ ಮಾರಿದೆ. 2022, 2023, 2024ರ ರಿಟರ್ನ್ಸ್ ತಿದ್ದಿ, ಆರು ವರ್ಷದ ಎಫ್‌ಬಾರ್ ಆನ್‌ಲೈನಿನಲ್ಲಿ ಹಾಕಿ, 14653ರಲ್ಲಿ ಎನ್‌ಆರ್‌ಇ ಬಡ್ಡಿಯ ವಿಷಯ, ಅಪ್ಪ ಹೋದದ್ದು, ವಾಪಸ್ ಬಂದದ್ದು ಎಲ್ಲ ಇದ್ದ ಹಾಗೆ ಎರಡು ಪುಟ ಬರೆದೆ. ಆ ಕಟ್ಟು ಮೊನ್ನೆ ಕೊರಿಯರಿನಲ್ಲಿ ಟೆಕ್ಸಾಸಿನ ಆಸ್ಟಿನ್‌ಗೆ ಹೋಯಿತು. ಬಾಕಿ ತೆರಿಗೆ ಬಡ್ಡಿ ಸೇರಿ ನಾನು ಹೆದರಿದ್ದಕ್ಕಿಂತ ತುಂಬಾ ಕಡಿಮೆ ಬಂತು. ಮಾರಿದ ಲಾಭದ್ದು ಮುಂದಿನ ವರ್ಷದ ರಿಟರ್ನ್ಸ್‌ನಲ್ಲಿ ಬರುತ್ತೆ, ಅದಕ್ಕೆ ಹಣ ಬೇರೆ ಎತ್ತಿಟ್ಟಿದ್ದೇನೆ.

ಮಾರ್ಚ್ 31, 2025ರ ಸ್ಟೇಟ್‌ಮೆಂಟ್ ಮೂರು ಪ್ರತಿ ತೆಗೆದೆ. ಒಂದು ನನ್ನ ಕಪಾಟಿನಲ್ಲಿ, ಒಂದು ಮಗಳ ಹತ್ತಿರ, ಒಂದು ಅಮ್ಮನ ಟ್ರಂಕಿನಲ್ಲಿ. ಅಮ್ಮನ ಎಫ್‌ಡಿಯಿಂದ ನನ್ನ ಹೆಸರು ತೆಗೆಸಲು ಬ್ಯಾಂಕಿಗೆ ಹೋದಾಗ ಅಮ್ಮನಿಗೆ ಬೇಜಾರಾಯಿತು, ನಾನು ಹೋದ ಮೇಲೆ ನಿನಗೆ ಕಷ್ಟ ಆಗಲ್ವಾ ಅಂತ ಕೇಳಿದರು. ನಾಮಿನಿ ಫಾರ್ಮ್ ತೋರಿಸಿ, ಅದರಲ್ಲಿ ನನ್ನ ಹೆಸರು ಬರೆದಿರುವುದನ್ನು ಓದಿ ಹೇಳಿದ ಮೇಲೆ ಸಹಿ ಹಾಕಿದರು.

ಹೆಂಡತಿಯ ಐ-407 ಈಗಲೇ ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಐದು ವರ್ಷದ ಕಾಗದ ಸರಿ ಆಗಲಿ. ಜುಲೈನಲ್ಲಿ 10-ಇಇ ಹಾಕಿದ ದಿನ ಇಲ್ಲಿ ಬಂದು ತಿಳಿಸುತ್ತೇನೆ.